ಕೋಡ್ ಕೊಟ್ಟೆ, ಗುಟ್ಟು ಕೊಡಲಿಲ್ಲ

ಪ್ರತಿಯೊಂದು ಮನೆಯಲ್ಲೂ ಆ ಮನೆಯವರ ಮಾತನ್ನು ಮಾತ್ರ ಕೇಳುವ ಒಂದೆರಡು ವಸ್ತುಗಳಿರುತ್ತವೆ. ನಮ್ಮ ಮನೆಯ ಹಿಂಬಾಗಿಲನ್ನು ತೆರೆಯಬೇಕಾದರೆ ಹಿಡಿಯನ್ನು ಕೊಂಚ ಮೇಲೆತ್ತಿ, ಮಂಡಿಯಿಂದ ಒಂದು ಸಣ್ಣ ಗುದ್ದು ಕೊಡಬೇಕು. ಬಟ್ಟೆ ಒಗೆಯುವ ಯಂತ್ರಕ್ಕೆ ಎರಡು ಸಲ ಗುಂಡಿ ಒತ್ತಿ, ಅದು ಸುಮ್ಮನಿದ್ದಾಗ ನಾವೂ ಸುಮ್ಮನಿರಬೇಕು. ಆಮೇಲೆ ಅದಕ್ಕೇ ನಾಚಿಕೆಯಾಗಿ ಓಡತೊಡಗುತ್ತದೆ. ಬಂದ ಅತಿಥಿಗಳು ಇವುಗಳ ಮುಂದೆ ಕಂಗಾಲಾಗಿ ನಿಂತಾಗ ನಮಗೆ ಒಳಗೊಳಗೇ ಒಂದು ಹೆಮ್ಮೆ. ನಮ್ಮ ಮನೆ ವಾಷಿಂಗ್ಟನ್ ರಾಜ್ಯದ ಮುಕಿಲ್ಟಿಯೊದಲ್ಲಿ, ನನ್ನ ಕೆಲಸ ಅದರ ಬಳಿ, ವಿಮಾನ ಕಟ್ಟುವ ಕಾರ್ಖಾನೆಯಲ್ಲಿ. ಅಲ್ಲಿ ಹೀಗೆಲ್ಲ ನಡೆಯುವುದಿಲ್ಲ. ಎಲ್ಲಿಯೋ ಮಾಡಿದ ಬೋಲ್ಟು ಇಲ್ಲಿಗೆ ಬಂದು ಸುಮ್ಮನೆ ಕೂತುಕೊಳ್ಳಬೇಕು. ಮಂಡಿಯಿಂದ ಗುದ್ದಿ ಕೂರಿಸಿದ ರೆಕ್ಕೆಯ ಪಕ್ಕದ ಸೀಟಿನಲ್ಲಿ ಯಾರು ತಾನೇ ಕೂರುತ್ತಾರೆ? ಕಂಪ್ಯೂಟರಿನವರ ಕೆಲಸವೂ ನಮ್ಮ ಬೋಲ್ಟಿನ ಹಾಗೆಯೇ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ನಮ್ಮ ಹಿಂಬಾಗಿಲಿನ ಜಾತಿಗೆ ಸೇರಿದ್ದು ಎಂದು ತಿಳಿದದ್ದು ನನ್ನ ಹೆಂಡತಿ ತೀರಿಕೊಂಡ ಮೇಲೆ.

ವಸುಧಾ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ರೋಗಿಗಳ ಅಂಕಿಅಂಶ ನೋಡುವ ಕೆಲಸದಲ್ಲಿದ್ದಳು. ಅದಕ್ಕೆ ಬೇಕಾದ ಪುಟ್ಟ ಪ್ರೋಗ್ರಾಮುಗಳನ್ನು ಅವಳೇ ಬರೆಯುತ್ತಿದ್ದಳು. ಅವನ್ನು ಸ್ಕ್ರಿಪ್ಟ್ ಎನ್ನುತ್ತಿದ್ದಳು. ಗುಟ್ಟು ಕಾಯುವುದು ಅವಳ ವೃತ್ತಿಯೂ ಹೌದು, ಸ್ವಭಾವವೂ ಹೌದು. ಊಟದ ಹೊತ್ತಿನಲ್ಲಿ ಆಫೀಸಿನ ವಿಷಯವೆಂದು ಅವಳು ಹೇಳುತ್ತಿದ್ದದ್ದು ಪಾರ್ಕಿಂಗ್ ಸಿಕ್ಕಿತೋ ಇಲ್ಲವೋ ಎಂಬುದನ್ನು ಮಾತ್ರ. "ಕೋಡ್ ಯಾರಿಗೆ ಬೇಕಾದ್ರೂ ಕೊಡ್ತೀನಿ. ಡೇಟಾ ನಿಮಗೂ ಕೊಡಲ್ಲ," ಎನ್ನುತ್ತಿದ್ದಳು. ನಾನು ಕೇಳಿರುತ್ತಿರಲಿಲ್ಲ. ಕೇಳದವನಿಗೂ ಮೊದಲೇ ಇಲ್ಲವೆಂದು ಹೇಳಿ ಮುಗಿಸುವುದು ಅವಳ ಕ್ರಮ.

ಇಲ್ಲಿನ ಕೆಲವು ಕನ್ನಡದ ಕುಟುಂಬಗಳದು ಒಂದು ಬಳಗವಿದೆ. ಯುಗಾದಿಗೆ, ಗಣೇಶನಿಗೆ, ದೀಪಾವಳಿಗೆ ಯಾವುದಾದರೂ ಬಾಡಿಗೆ ಸಭಾಂಗಣದಲ್ಲಿ ಸೇರುತ್ತೇವೆ. ಪ್ರತಿ ಮನೆಯಿಂದ ಒಂದೊಂದು ಅಡುಗೆ. ಮೊದಲು ಇದಕ್ಕೆ ಯಾವ ವ್ಯವಸ್ಥೆಯೂ ಇರಲಿಲ್ಲ. ಒಂದು ವರ್ಷ ಮೇಜಿನ ಉದ್ದಕ್ಕೂ ಪುಳಿಯೋಗರೆಯೇ ಸಾಲಾಗಿ ಕೂತಿತ್ತು. ಎಲ್ಲರೂ ಒಂದೇ ಅಂಗಡಿಯ ಪುಡಿ ತಂದಿದ್ದರಿಂದ ರುಚಿಯಲ್ಲೂ ಭೇದವಿಲ್ಲ. ಆಗ ವಸುಧಾ ಒಂದು ಸ್ಕ್ರಿಪ್ಟ್ ಬರೆದಳು. ಹಬ್ಬಕ್ಕೆ ಮೊದಲು ಅದನ್ನು ಒಮ್ಮೆ ಓಡಿಸಿದರೆ ಸಾಕು, ಯಾರು ಏನು ತರಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ಪ್ರತಿ ಮನೆಗೂ ಪ್ರತ್ಯೇಕವಾಗಿ ಒಂದು ಈಮೇಲ್ ಹೋಗುತ್ತಿತ್ತು. ಒಬ್ಬರದ್ದು ಇನ್ನೊಬ್ಬರಿಗೆ ಕಾಣಿಸುತ್ತಿರಲಿಲ್ಲ. ಯಾರಾದರೂ "ನಮಗ್ಯಾಕೆ ಪ್ರತೀ ಸಲ ಮೊಸರನ್ನ?" ಎಂದರೆ, "ಕಂಪ್ಯೂಟರ್ ಕೊಟ್ಟಿದ್ದು ಕಣ್ರೀ, ನಂದೇನಿದೆ," ಎಂದು ಕೈ ಕೊಡವಿಬಿಡುತ್ತಿದ್ದಳು. ಅದು ಲಾಟರಿಯಂತೆ ಎಂದು ಜನ ಒಪ್ಪಿಕೊಂಡಿದ್ದರು. ಊಟ ಮಾತ್ರ ಅಂದಿನಿಂದ ಮದುವೆಯೂಟದ ಹಾಗೆ ಕುದುರಿಕೊಂಡಿತು. ಲಾಟರಿಯಿಂದ ಇಷ್ಟು ಒಳ್ಳೆಯ ಊಟ ಹೇಗೆ ಸಿಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನ್ನ ಬಾಯಿ ತುಂಬಿರುತ್ತಿತ್ತು.

ಅವಳು ಹೋದದ್ದು ಚಳಿಗಾಲದ ಮೊದಲಲ್ಲಿ. ಯುಗಾದಿ ಹತ್ತಿರ ಬಂದಾಗ ಟೋಟೆಮ್ ಲೇಕ್ ಬಡಾವಣೆಯ ಪ್ರತಿಭಾ ಫೋನ್ ಮಾಡಿದಳು. ಪ್ರತಿಭಾ ಬಳಗದ ಹೊಸ ಸಂಚಾಲಕಿ, ವಸುಧಾಳಿಗೆ ತಂಗಿಯಂತಿದ್ದವಳು. ಎರಡು ನಿಮಿಷ ಹವೆಯ ಬಗ್ಗೆ ಮಾತಾಡಿದಳು. ಈ ಊರಿನಲ್ಲಿ ಹವೆಯ ಬಗ್ಗೆ ಎರಡು ನಿಮಿಷ ಮಾತಾಡುವಷ್ಟು ವೈವಿಧ್ಯವಿಲ್ಲ, ಆದ್ದರಿಂದ ಬೇರೇನೋ ಇದೆ ಎಂದು ಗೊತ್ತಾಯಿತು.

"ಭಾವ, ಅಕ್ಕನ ಆ ಸ್ಕ್ರಿಪ್ಟ್ ಬೇಕಾಗಿತ್ತು," ಎಂದಳು. "ಈ ಸಲವೂ ಅದರಿಂದಲೇ ಮೇಲ್ ಹೋಗ್ಲಿ ಅಂತ ಎಲ್ರಿಗೂ ಆಸೆ. ಪೋರ್ಟ್‌ಲ್ಯಾಂಡ್ ಬಳಗದೋರೂ ಕೇಳ್ತಿದಾರೆ. ಒಂದ್ಸಲ ಎಲ್ರೂ ಬಳಸೋ ಹಾಗೆ ಮಾಡಿಬಿಟ್ರೆ ಅಕ್ಕನ ಹೆಸರು ಉಳಿಯುತ್ತೆ."

ಅವಳ ಹೆಸರು ಉಳಿಯುವ ಮಾತು ಬಂದ ಮೇಲೆ ನಾನು ಇಲ್ಲವೆನ್ನುವುದು ಹೇಗೆ? ಹ್ಞೂಂ ಎಂದೆ. ಅವಳ ಲ್ಯಾಪ್‌ಟಾಪನ್ನು ತೆಗೆದು ಒರೆಸಿ, ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಕರೆಂಟಿನ ಬಿಲ್ಲು ಕಟ್ಟಲಿ ಎಂದು ಪಾಸ್‌ವರ್ಡನ್ನು ಅವಳೇ ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದ್ದಳು. ಸ್ಕ್ರಿಪ್ಟ್ ಸಿಕ್ಕಿತು. ಅದನ್ನು ಪೆನ್ ಡ್ರೈವಿಗೆ ಹಾಕಿ ನನ್ನ ಕಂಪ್ಯೂಟರಿನಲ್ಲಿ ಓಡಿಸಿದೆ. ಫೈಲ್ ಸಿಗಲಿಲ್ಲ ಎಂದಿತು. ಎರಡು ಸಲ ಒತ್ತಿ, ಸುಮ್ಮನಿದ್ದು ನೋಡಿದೆ. ಅದಕ್ಕೆ ಬಟ್ಟೆ ಯಂತ್ರದ ನಾಚಿಕೆ ಇರಲಿಲ್ಲ.

ಬಳಗದಲ್ಲಿ ನಿಖಿಲ್ ಎಂಬ ಹುಡುಗನಿದ್ದಾನೆ. ಹುಡುಗನೆಂದರೆ ಎರಡು ಮಕ್ಕಳ ತಂದೆ. ನನ್ನ ವಯಸ್ಸಿಗೆ ಹುಡುಗ. ಮೈಸೂರಿನವನು, ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಸ್ಕ್ರಿಪ್ಟಿನ ಸಾಲುಗಳನ್ನು ನಾನು ಓದಿ ಹೇಳಿದಾಗ ಅವನು ಫೋನಿನಲ್ಲಿ ಸಹನೆಯಿಂದ ವಿವರಿಸಿದ. "ಅಂಕಲ್, ಆಂಟಿ ಫೈಲ್ ಇರೋ ಜಾಗದ ಪೂರ್ತಿ ವಿಳಾಸ ಕೋಡ್ ಒಳಗೇ ಬರೆದುಬಿಟ್ಟಿದಾರೆ. ಅವರ ಲ್ಯಾಪ್‌ಟಾಪ್, ಅವರ ಹೆಸರು, ಅವರ ಡೆಸ್ಕ್‌ಟಾಪು. ನಿಮ್ಮ ಮಷೀನಲ್ಲಿ ಅವರ ಡೆಸ್ಕ್‌ಟಾಪ್ ಎಲ್ಲಿಂದ ಬರ್ಬೇಕು? ಆ ಲೈನ್ ತೆಗೀರಿ. ಸ್ಕ್ರಿಪ್ಟ್ ಎಲ್ಲಿದೆಯೋ ಅಲ್ಲೇ ಪಕ್ಕದಲ್ಲಿ ಫೈಲ್ ಹುಡುಕು ಅಂತ ಹೇಳಿ. ಆಗ ಎಲ್ಲಿಗೆ ಹೋದ್ರೂ ಓಡುತ್ತೆ. ಅದಕ್ಕೇ ಪೋರ್ಟಬಲ್ ಅನ್ನೋದು."

ಆಸ್ಪತ್ರೆಯಲ್ಲಿ ಇದನ್ನೇ ಹತ್ತು ಜನರಿಗೆ ಕಲಿಸುತ್ತಿದ್ದವಳು ಮನೆಯ ಸ್ಕ್ರಿಪ್ಟಿನಲ್ಲಿ ಹಾಗೆ ಮಾಡಿರಲಿಲ್ಲ. ಹೋಟೆಲಿನ ಅಡಿಗೆಯವರು ಮನೆಯಲ್ಲಿ ಉಪ್ಪಿಟ್ಟು ತಿಂದು ಮಲಗುವುದಿಲ್ಲವೇ, ಹಾಗೆ. ನಾನು ಆ ಸಾಲನ್ನು ನೋಡುತ್ತ ಕೂತೆ. ಅವಳ ಹೆಸರು, ಅವಳ ಡೆಸ್ಕ್‌ಟಾಪು, 'ತಿಂಡಿ' ಎಂಬ ಫೋಲ್ಡರು. ಸ್ಕ್ರಿಪ್ಟ್ ಎಲ್ಲ ಕಡೆ ಓಡಬೇಕಾದರೆ ಅವಳು ಅದರಿಂದ ಹೊರಗೆ ಬರಬೇಕು ಎಂದಾಯಿತು. ಸ್ವಲ್ಪ ಹೊತ್ತು ಎದ್ದುಹೋಗಿ ಕಾಫಿ ಮಾಡಿಕೊಂಡು ಬಂದು, ಆ ಸಾಲನ್ನು ಅಳಿಸಿದೆ.

ಆಮೇಲೆ ಡೇಟಾ ಫೈಲ್ ತೆರೆದೆ. ಅದು ಲಾಟರಿಯಾಗಿರಲಿಲ್ಲ.

ಪ್ರತಿ ಮನೆಯ ಹೆಸರಿನ ಮುಂದೆ ಒಂದು ಅಂಕ, ಅದರ ಮುಂದೆ ಒಂದು ಷರಾ. ಷರಾ ಎಲ್ಲವೂ ಅವಳ ದನಿಯಲ್ಲೇ ಇದ್ದವು. 'ಉಪ್ಪು ಕೈಯಳತೆ. ಕೈ ದೊಡ್ಡದು.' ಇನ್ನೊಬ್ಬರಿಗೆ, 'ಅನ್ನ ಕೊಡಬಹುದು. ಬರೀ ಅನ್ನ.' ಮತ್ತೊಬ್ಬರಿಗೆ, 'ಗಸಗಸೆ ಪಾಯಸ ಚೆನ್ನ. ಭಾಷಣ ಉದ್ದವಿರುವ ದಿನ ಇವರಿಂದ ತರಿಸು.' ಒಂದು ಮನೆಯವರಿಗೆ ಮಾತ್ರ ಹಬ್ಬದ ಸಮಯವನ್ನು ಒಂದು ಗಂಟೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆ ಇತ್ತು: 'ಚಿತ್ರಾನ್ನ ಹತ್ತಕ್ಕೆ ಒಂಬತ್ತು. ಆದರೆ ಬರುವುದು ಜನ ಕೈತೊಳೆದ ಮೇಲೆ.' ಇಸ್ಸಾಕ್ವಾದ ಗುಡ್ಡದ ಮೇಲಿರುವ ಸತೀಶನಿಗೆ, 'ಸಾಂಬಾರಿಗೆ ಎರಡು ಸಲ ಹುಣಸೆ. ಒಮ್ಮೆ ಯಾರೋ ಹೊಗಳಿದ್ದರಿಂದ ನಿಲ್ಲುತ್ತಿಲ್ಲ.' ಹೊಗಳಿದವನು ನಾನೇ. ಕೊನೆಗೆ ಪ್ರತಿಭಾ: 'ಪ್ಲೇಟು, ಲೋಟ, ಐಸ್. ಮನಸ್ಸು ಹತ್ತಕ್ಕೆ ಹತ್ತು. ಒಗ್ಗರಣೆ ಹತ್ತಕ್ಕೆ ಒಂದು.'

ನಾನು ನಕ್ಕೆ. ಮನೆಯಲ್ಲಿ ಬಹಳ ದಿನದಿಂದ ಯಾರೂ ನಕ್ಕಿರಲಿಲ್ಲವಾದ್ದರಿಂದ ನನಗೇ ಯಾರೋ ಬಂದರೇನೋ ಎನ್ನಿಸಿತು. ನಕ್ಕು ಮುಗಿದ ಮೇಲೆ ಹೆದರಿಕೆ ಶುರುವಾಯಿತು. ಅವಳನ್ನು ಹೊಗಳಿ ಕಣ್ಣೀರಿಟ್ಟ ಜನ ಇವರೆಲ್ಲ. ಸಾವಿನ ಮನೆಗೆ ವಾರಗಟ್ಟಲೆ ಡಬ್ಬಿಗಳಲ್ಲಿ ಊಟ ತಂದುಕೊಟ್ಟವರು. ಆ ಡಬ್ಬಿಗಳಿಗೆಲ್ಲ ಅವಳು ಮೊದಲೇ ಅಂಕ ಹಾಕಿಟ್ಟಿದ್ದಳು ಎಂದು ಗೊತ್ತಾದರೆ ಉಳಿಯಬೇಕಾದ ಹೆಸರು ಯಾವ ರೀತಿಯಲ್ಲಿ ಉಳಿಯುತ್ತದೆ?

ಫೈಲಿನ ಒಂದು ಪ್ರತಿ ಮಾಡಿಕೊಂಡು, ಅದರ ಮೇಲೆ ಅವಳ ವೃತ್ತಿಯ ಉಪಾಯವನ್ನೇ ಮೊದಲು ಪ್ರಯತ್ನಿಸಿದೆ. ರೋಗಿಗಳ ಹೆಸರು ತೆಗೆದು ನಂಬರ್ ಹಾಕುತ್ತಾರಲ್ಲ, ಹಾಗೆ ಮನೆ ಒಂದು, ಮನೆ ಎರಡು ಎಂದು ಬರೆದೆ. ಓದಿ ನೋಡಿದೆ. ಎರಡು ಸಲ ಹುಣಸೆ ಹಾಕುವ ಮನೆ ವಾಷಿಂಗ್ಟನ್ ರಾಜ್ಯಕ್ಕೆಲ್ಲ ಒಂದೇ. ಅದಕ್ಕೆ ಯಾವ ನಂಬರ್ ಕೊಟ್ಟರೂ ಹುಳಿ ಹೋಗುವುದಿಲ್ಲ. ಆದ್ದರಿಂದ ಷರಾ ತೆಗೆದೆ. ಬರೀ ಅಂಕ ಉಳಿಯಿತು. ಹತ್ತಕ್ಕೆ ಒಂದು ಎಂದರೆ ಯಾರೆಂದು ಪ್ಲೇಟು ತರುವವರಿಗೆ ತಿಳಿಯದೇ? ಅಂಕವನ್ನೂ ತೆಗೆದೆ. ಮೇಲ್ ಹೋಗಬೇಕಲ್ಲ ಎಂದು ವಾಪಸು ಹಾಕಿದ ಮನೆಗಳ ಹೆಸರು, ಈಮೇಲ್ ವಿಳಾಸ ಬಿಟ್ಟು ಮಿಕ್ಕದ್ದೆಲ್ಲ ಖಾಲಿ. ಕೋಡಿನ ಸಾಲುಗಳ ನಡುವೆಯೂ ಅವಳು ಅಲ್ಲಲ್ಲಿ ತನಗಾಗಿ ಟಿಪ್ಪಣಿ ಬರೆದುಕೊಂಡಿದ್ದಳು. ಯಾವುದರಲ್ಲಿ ಯಾರ ಮಾನವಿದೆಯೋ ಎಂದು ಅವನ್ನೂ ಒಂದೊಂದಾಗಿ ಕಿತ್ತೆ. ಒಂದು ಕಡೆ ಮಾತ್ರ ಕೈ ನಿಂತಿತು. 'ಅಂಕವಿಲ್ಲದವರು ಹೊಸಬರು. ಹೊಸಬರಿಗೆ ಸಿಹಿ ಕೊಡು. ಸಿಹಿಯನ್ನು ಯಾರೂ ಬೈಯುವುದಿಲ್ಲ.'

ನಾವು ಈ ಊರಿಗೆ ಬಂದ ಹೊಸದರಲ್ಲಿ ಯಾವುದೋ ಹಬ್ಬದ ಊಟಕ್ಕೆ ಅವಳು ಆಸೆಯಿಂದ ಬಿಸಿಬೇಳೆಬಾತು ಮಾಡಿಕೊಂಡು ಹೋಗಿದ್ದಳು. ಅದು ಮೇಜಿನ ತುದಿಯಲ್ಲಿ ತಣ್ಣಗಾಗಿ, ಮುಚ್ಚಳ ಕೂಡ ತೆಗೆಯದೆ ವಾಪಸು ಬಂದಿತ್ತು. ದಾರಿಯುದ್ದಕ್ಕೂ ಕಾರಿನಲ್ಲಿ ಅದರ ವಾಸನೆ ಇತ್ತು. ಆ ಟಿಪ್ಪಣಿಯನ್ನು ಓದಿ ನನಗೆ ಅದೆಲ್ಲ ನೆನಪಾಯಿತು. ಇದು ತೀರ ಖಾಸಗಿ ಎಂದುಕೊಂಡು ಅದನ್ನೂ ಅಳಿಸಿದೆ. ನಾನು ಅದನ್ನು ಭಾವನೆ ಎಂದು ಓದಿದ್ದೆ. ಅದು ಆದೇಶವಾಗಿತ್ತು. ಟಿಪ್ಪಣಿ ಹೋಯಿತು, ಅದೇ ಮಾತನ್ನು ಕಂಪ್ಯೂಟರಿಗೆ ಹೇಳುವ ಕೆಳಗಿನ ಸಾಲು ಮಾತ್ರ ಅಲ್ಲೇ ಕೂತಿತ್ತು.

ನಿಖಿಲ್ ಮನೆಗೆ ಬಂದು ತನ್ನ ಕಂಪ್ಯೂಟರಿನಲ್ಲಿ ಓಡಿಸಿದ. ಓಡಿತು. ಫೋನಿನಲ್ಲಿ ಹೇಳಿಕೊಟ್ಟು ಪ್ರತಿಭಾಳ ಕಂಪ್ಯೂಟರಿನಲ್ಲಿ ಓಡಿಸಿದ. ಅಲ್ಲೂ ಓಡಿತು. "ಸೂಪರ್ ಅಂಕಲ್. ಒಂದೇ ಒಂದ್ಸಲ ಔಟ್‌ಪುಟ್ ನೋಡ್ಲಾ? ಯಾರಿಗೆ ಏನು ಹೋಗುತ್ತೆ ಅಂತ."

"ಬೇಡ," ಎಂದೆ. "ಅದು ಕಾನ್ಫಿಡೆನ್ಶಿಯಲ್."

"ಅಂಕಲ್, ಅನ್ನ ಸಾರು ತಾನೇ."

"ಅನ್ನ ಸಾರೇ ಆದ್ರೂ ಒಬ್ಬರದ್ದು ಇನ್ನೊಬ್ಬರು ನೋಡೋ ಹಾಗಿಲ್ಲ. ಅವಳ ಪದ್ಧತಿ ಅದು."

ಅವನು ನನ್ನನ್ನು ಗೌರವದಿಂದ ನೋಡಿದ. ಗುಟ್ಟು ಕಾಯುವುದರಲ್ಲಿ ಎಂಥ ಸುಖವಿದೆ ಎಂದು ನನಗೆ ಆಗ ಮೊದಲ ಸಲ ಅರ್ಥವಾಯಿತು. ಈಮೇಲ್‌ಗಳು ಹೋದವು. ಪೋರ್ಟ್‌ಲ್ಯಾಂಡಿಗೆ ಸ್ಕ್ರಿಪ್ಟ್ ಕೂಡ ಹೋಯಿತು. ನನಗೂ ಒಂದು ಮೇಲ್ ಬಂತು: ಕೇಸರಿಬಾತು ತನ್ನಿ ಎಂದು. ವಸುಧಾ ಇದ್ದಾಗ ನಮ್ಮ ಮನೆಯಿಂದ ನಾನು ಹೊರುತ್ತಿದ್ದದ್ದು ಕುಕ್ಕರನ್ನು ಮಾತ್ರ. ಆದರೂ ಅವಳ ಸ್ಕ್ರಿಪ್ಟ್ ಹೇಳಿದೆಯೆಂದು ಯೂಟ್ಯೂಬ್ ನೋಡಿಕೊಂಡು ಮಾಡಿದೆ. ಪಾತ್ರೆಯಿಂದ ಅದನ್ನು ಬಿಡಿಸಲು ಕಾರ್ಖಾನೆಯ ಅನುಭವ ಉಪಯೋಗಕ್ಕೆ ಬಂತು.

ಈ ಸಲದ ಸಭಾಂಗಣ ಇಸ್ಸಾಕ್ವಾದಲ್ಲಿತ್ತು. ನಾನು ಒಳಗೆ ಹೋದಾಗ ಮೇಜಿನ ಮೇಲೆ ಹೋಳಿಗೆ ಇತ್ತು. ಪಕ್ಕದಲ್ಲಿ ಶ್ಯಾವಿಗೆ ಪಾಯಸ. ಅದರ ಪಕ್ಕದಲ್ಲಿ ಹೆಸರುಬೇಳೆ ಪಾಯಸ, ಜಾಮೂನು, ಮೈಸೂರುಪಾಕು, ಮತ್ತೆ ಹೋಳಿಗೆ. ಕೇಸರಿಬಾತು ಎಷ್ಟು ಬಣ್ಣಗಳಲ್ಲಿ ಇರಬಹುದೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಆಸೆಯಿಂದ ತಿರುಗಿ ನೋಡುವುದು, ಬಂದವರು ಮುಚ್ಚಳ ತೆಗೆಯುವುದು, ಒಳಗೆ ಮತ್ತೆ ದ್ರಾಕ್ಷಿ ಗೋಡಂಬಿ. ಸತೀಶ ಜೀವನದಲ್ಲಿ ಮೊದಲ ಸಲ ಸಾಂಬಾರು ಬಿಟ್ಟು ಕ್ಯಾರೆಟ್ ಹಲ್ವ ಹೊತ್ತುಕೊಂಡು ಬಂದಿದ್ದ. "ನಂಗೂ ಪ್ರಮೋಷನ್ ಸಿಕ್ತು ಅಂತ ಖುಷಿಯಾಗಿದ್ದೆ," ಎಂದು ಮೇಜನ್ನು ನೋಡುತ್ತ ನಿಂತ. ಅಂಕ ಅಳಿಸಿದ್ದರಿಂದ ಸ್ಕ್ರಿಪ್ಟಿನ ಲೆಕ್ಕದಲ್ಲಿ ನಾವೆಲ್ಲ ಹೊಸಬರಾಗಿದ್ದೆವು. ಆ ದಿನ ಅಲ್ಲಿ ಸಿಹಿಯಲ್ಲದ ಪದಾರ್ಥವೆಂದರೆ ಬೇವು ಒಂದೇ. ಪ್ಲೇಟುಗಳೂ ಇರಲಿಲ್ಲ. ಪ್ರತಿಭಾ ಬೆಲ್ಲದ ಅಚ್ಚಿನಂತಹ ಯಾವುದೋ ಬರ್ಫಿ ಮಾಡಿಕೊಂಡು ಬಂದಿದ್ದಳು. ಪಕ್ಕದ ಅಂಗಡಿಗೆ ಯಾರೋ ಓಡಿ ಪ್ಲೇಟು, ಚಿಪ್ಸು, ಮೊಸರಿನ ಡಬ್ಬಿ ತಂದರು. ಜನ ಹೋಳಿಗೆಗೆ ಚಿಪ್ಸ್ ನಂಜಿಕೊಂಡು ತಿಂದರು. ನಿಧಾನದ ಚಿತ್ರಾನ್ನದ ಮನೆಯವರು, ಈ ಸಲ ಸರಿಯಾದ ಸಮಯ ತಿಳಿಸಲಾಗಿದ್ದರಿಂದ, ಎಲ್ಲರೂ ಕೈತೊಳೆದ ಮೇಲೆ ಪಾಯಸದೊಂದಿಗೆ ಆಗಮಿಸಿದರು.

ಒಂದು ಮಾತು ಹೇಳಬೇಕು. ಒಬ್ಬರಾದರೂ "ಎಲ್ಲರಿಗೂ ಸಿಹಿಯೇ ಬಂದಿದೆಯಾ?" ಎಂದು ಮುಂಚಿತವಾಗಿ ಇನ್ನೊಬ್ಬರಿಗೆ ಫೋನ್ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಮಾಡಲಿಲ್ಲ. ವಸುಧಾ ಹಾಕಿದ ನಿಯಮ, ಅವಳು ಇಲ್ಲದಾಗ ಮುರಿಯಬಾರದು ಎಂದು ಎಲ್ಲರೂ ಬಾಯಿ ಹೊಲಿದುಕೊಂಡು ಸಕ್ಕರೆ ಕರಗಿಸಿದ್ದರು.

ಪ್ರತಿಭಾ ನನ್ನನ್ನು ಕೋಟು ತಗುಲಿಹಾಕುವ ಮೂಲೆಗೆ ಕರೆದುಕೊಂಡು ಹೋದಳು. "ಭಾವ, ನಿಜ ಹೇಳಿ. ಡೇಟಾ ತೆಗೆದ್ರಾ?"

"ಯಾವ ಡೇಟಾ?" ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುವಾಗ ಪ್ರಶ್ನೆಯ ಹಾಗೆ ಬಂದುಬಿಡುತ್ತದೆ.

"ವರ್ಷಗಟ್ಲೆ ಪ್ಲೇಟ್ ತಂದೋಳು ನಾನು. ಲಾಟರಿ ಆಗಿದ್ರೆ ಒಂದ್ಸಲವಾದ್ರೂ ಪಲ್ಯ ಬರಬೇಕಿತ್ತಲ್ವಾ?"

"ಗೊತ್ತಿತ್ತಾ? ಮತ್ತೆ ಅವಳನ್ನ ಕೇಳಲೇ ಇಲ್ವಾ?"

"ಕೇಳಿದ್ರೆ ಹೇಳಿಬಿಡ್ತಿದ್ರು. ಅದಕ್ಕೇ ಕೇಳಲಿಲ್ಲ," ಎಂದಳು. "ಎಲ್ರಿಗೂ ಗೊತ್ತು ಭಾವ. ಅಕ್ಕ ಒಂದೊಂದ್ ಚಮಚ ಹಾಕ್ಕೊಂಡು ಕಣ್ಣು ಮುಚ್ಚಿ ತಿನ್ನೋವಾಗ್ಲೇ ಗೊತ್ತಾಗ್ತಿತ್ತು. ಯಾರೂ ಹೇಳ್ತಿರಲಿಲ್ಲ ಅಷ್ಟೆ." ಆಮೇಲೆ ದನಿ ತಗ್ಗಿಸಿ, "ಆ ಫೈಲ್ ಇದೆಯಾ?" ಎಂದಳು.

"ಇದೆ. ಕೊಡಲ್ಲ."

"ಕೊಡಬೇಡಿ. ಅದು ನಿಮ್ಮ ಹತ್ರಾನೇ ಇರ್ಲಿ." ಕಣ್ಣೊರೆಸಿಕೊಂಡಳು. ನಗುತ್ತಲೂ ಇದ್ದಳು. "ಆದ್ರೆ ಗಣೇಶನ ಹಬ್ಬಕ್ಕೆ ಹೀಗಾದ್ರೆ ಜನ ಸಕ್ಕರೆ ಕಾಯಿಲೆಯಿಂದ ಹೋಗ್ತಾರೆ. ನೀವೇ ಹೊಸ ಡೇಟಾ ಮಾಡಿ. ಒಂದೊಂದು ಮನೇದೂ ತಿಂದು ನೋಡಿ, ಅಂಕ ಹಾಕಿ. ಯಾರಿಗೂ ತೋರಿಸ್ಬೇಡಿ."

ಪೋರ್ಟ್‌ಲ್ಯಾಂಡಿನವರು ಮರುದಿನ ಫೋನ್ ಮಾಡಿ, ಎಲ್ಲವೂ ಸಿಹಿಯಾಗಿರುವ ನಿಮ್ಮ ಯುಗಾದಿಯ ಕಲ್ಪನೆ ಬಹಳ ಹೊಸದಾಗಿತ್ತು ಎಂದು ಅಭಿನಂದಿಸಿದರು. ಧನ್ಯವಾದ ಹೇಳಿದೆ.

ಅಂದಿನಿಂದ ನನ್ನ ಸ್ಥಿತಿ ಬದಲಾಗಿದೆ. ಅವಳು ಹೋದ ಮೇಲೆ ನಾನು ರಾತ್ರಿಯ ಊಟವನ್ನು ಕಾರ್ನ್‌ಫ್ಲೇಕ್ಸಿನಲ್ಲಿ ಮುಗಿಸುತ್ತಿದ್ದೆ. ಪ್ರತಿಭಾ ಯಾರ ಕಿವಿಗೆ ಏನು ಹಾಕಿದಳೋ, ಈಗ ವಾರಕ್ಕೆ ಎರಡು ಮೂರು ಮನೆಗಳಿಂದ ಕರೆ ಬರುತ್ತದೆ. ಯಾರೂ ಅಂಕದ ಮಾತೆತ್ತುವುದಿಲ್ಲ. "ಸುಮ್ನೆ ಬನ್ನಿ, ಮಾತಾಡಿ ತುಂಬಾ ದಿನ ಆಯ್ತು," ಎನ್ನುತ್ತಾರೆ. ಬಡಿಸಿದ ಮೇಲೆ ಗಂಡ ಹೆಂಡತಿ ಇಬ್ಬರೂ ನನ್ನ ಗಂಟಲನ್ನೇ ನೋಡುತ್ತ ಕೂರುತ್ತಾರೆ. ಒಂದು ದಿನ ಸತೀಶ, ಈ ಕಡೆ ಹೀಗೇ ಬಂದಿದ್ದೆ ಎನ್ನುತ್ತ ಸಾಂಬಾರಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಇಸ್ಸಾಕ್ವಾದಿಂದ ಮುಕಿಲ್ಟಿಯೊಗೆ ಯಾರೂ ಹೀಗೇ ಬರುವುದಿಲ್ಲ. ಆ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಬರಬೇಕಾದರೆ ಬಲವಾದ ಕಾರಣ ಬೇಕು. ಇದನ್ನು ಲಂಚ ಎನ್ನಬಹುದೇ ಎಂದು ಯೋಚಿಸಿದೆ. ಸಾಂಬಾರು ಮುಗಿಯುವವರೆಗೂ ಯೋಚಿಸಿದೆ.

ಹೊಸ ಫೈಲನ್ನು ತೆರೆದು ಇಟ್ಟುಕೊಂಡಿದ್ದೇನೆ. ಪ್ರತಿ ಊಟದ ನಂತರ ಬಂದು ಅದರ ಮುಂದೆ ಕೂರುತ್ತೇನೆ. ವಸುಧಾ ಏನು ಬರೆಯುತ್ತಿದ್ದಳು ಎಂದು ಕಲ್ಪಿಸಿಕೊಳ್ಳುವುದು ಸುಲಭ. ನಾನು ಏನು ಬರೆಯಬೇಕು ಎಂಬುದು ಕಷ್ಟ. ಅಂಕ ಹಾಕಿ ಮುಗಿಸಿದರೆ ಡೇಟಾ ಸಂಗ್ರಹವೂ ಮುಗಿದಂತೆ. ಮುಗಿದರೆ ಕರೆಗಳೂ ಮುಗಿಯುತ್ತವೆ. ಅಂಕದ ಅಂಕಣ ಇನ್ನೂ ಖಾಲಿ ಇದೆ ಎಂಬುದು ಯಾರಿಗೂ ತಿಳಿಯಬಾರದ ಮಾಹಿತಿ. ಅದನ್ನು ನಾನು ಅವಳಷ್ಟೇ ಭದ್ರವಾಗಿ ಕಾಯುತ್ತಿದ್ದೇನೆ.

ಮೊನ್ನೆ ಪ್ರತಿಭಾ ಫೋನ್ ಮಾಡಿ, "ಎಲ್ಲಿಗೆ ಬಂತು ಭಾವ? ಹಬ್ಬ ಹತ್ರ ಬಂತು," ಎಂದಳು.

"ಸ್ಯಾಂಪಲ್ ಸಾಲದು," ಎಂದೆ. ಅದು ಅವಳಕ್ಕನ ಆಫೀಸಿನ ಪದ.

"ಹಾಗಿದ್ರೆ ಶನಿವಾರ ನಮ್ಮನೆಗೆ ಬನ್ನಿ. ಬೀನ್ಸ್ ಪಲ್ಯ ಮಾಡ್ತೀನಿ."

ಹೋದೆ. ಸಾಸಿವೆ ಸೀದಿತ್ತು, ಇಂಗು ಯಾವ ಹಂತದಲ್ಲಿ ಬಿದ್ದಿತೋ ಅದಕ್ಕೇ ಗೊತ್ತಿರಲಿಲ್ಲ. ಎರಡು ಸಲ ಹಾಕಿಸಿಕೊಂಡೆ. ಮೂರನೆಯ ಸಲ ಅವಳೇ ಹಾಕಿದಳು. ಮನೆಗೆ ಬಂದು ಅವಳ ಸಾಲಿನ ಮುಂದೆ ಒಂದು ಎಂದು ಬರೆದೆ, ಅಳಿಸಿ ಎಂಟು ಎಂದು ಬರೆದೆ, ಅದನ್ನೂ ಅಳಿಸಿ ಮುಂದಿನ ಶನಿವಾರ ನೋಡೋಣವೆಂದು ಲ್ಯಾಪ್‌ಟಾಪ್ ಮುಚ್ಚಿದೆ. ವಸುಧಾ ಆಗಿದ್ದರೆ ಇಷ್ಟೆಲ್ಲ ಹಿಂದುಮುಂದು ನೋಡದೆ ಒಂದು ಎಂದೇ ಹಾಕಿ ಮಲಗುತ್ತಿದ್ದಳು. ಅವಳಿಗೇನು, ಅಡುಗೆ ಬರುತ್ತಿತ್ತು.